ರಂಪಿಗೆ, ಕರೆಂಟು ಮತ್ತು ಹವ್ಯಾಸ

ಚರ್ಮದ ಕೆಲಸ ಈಗ ಹವ್ಯಾಸವಾಗಿದೆ. ಇದು ವ್ಯಂಗ್ಯದ ಮಾತಲ್ಲ, ಇರುವ ಸಂಗತಿ. ದೊಡ್ಡ ಊರುಗಳಲ್ಲಿ ನೌಕರಿ ಮಾಡುವವರು ರಜಾದಿನ ಮನೆಯ ಮೇಜಿನ ಮೇಲೆ ಹದವಾದ ತೊಗಲು ಹಾಸಿಕೊಂಡು, ಪಕ್ಕದಲ್ಲಿ ಪುಟ್ಟ ಡ್ರಿಲ್ಲು, ಉಜ್ಜುವ ಮಷೀನು ಇಟ್ಟುಕೊಂಡು ಪಾಕೀಟು, ಬೆಲ್ಟು, ಪುಸ್ತಕದ ಹೊದಿಕೆ ಮಾಡುತ್ತಾರೆ. ಮನಸ್ಸಿಗೆ ನೆಮ್ಮದಿ ಸಿಗುತ್ತದೆ ಅಂತಾರೆ. ಸಿಗುತ್ತಿರಬಹುದು, ಕೈಯಿಂದ ಮಾಡುವ ಯಾವ ಕೆಲಸದಲ್ಲೂ ಅಂಥ ಒಂದು ನೆಮ್ಮದಿ ಇದ್ದೇ ಇದೆ. ಆದರೆ ತಲೆತಲಾಂತರದಿಂದ ಇದೇ ಕೆಲಸ ಮಾಡಿದವರಿಗೆ ಸಿಕ್ಕಿದ್ದು ಊರ ಹೊರಗಿನ ಓಣಿ. ಒಂದೇ ತೊಗಲು, ಒಂದೇ ಉಳಿ. ಒಬ್ಬರಿಗೆ ಹವ್ಯಾಸ, ಇನ್ನೊಬ್ಬರಿಗೆ ಹುಟ್ಟಿನ ಗುರುತು.

ದಲಿತ ವಿಮರ್ಶೆ ಅಂದಕೂಡಲೇ ನಾವು ಕತೆ, ಕಾವ್ಯ, ಆತ್ಮಕಥೆಗಳ ಕಡೆ ತಿರುಗುತ್ತೇವೆ. ಅದು ಸರಿಯೇ. ಆದರೆ ನಮ್ಮ ಅಪ್ಪ, ಅಜ್ಜಂದಿರ ಕೈಯಲ್ಲಿದ್ದ ರಂಪಿಗೆ, ಆರಿ, ಕೊಡತಿಗಳನ್ನೂ ವಿಮರ್ಶೆ ನೋಡಬೇಕು. ಆ ಹತಾರಗಳ ಜಾಗಕ್ಕೆ ಕರೆಂಟಿನ ಹತಾರ ಬಂದಾಗ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬುದನ್ನು ಕೇಳಬೇಕು. ಯಾಕೆಂದರೆ ನಮ್ಮ ಕೇರಿಯ ಓದಿದ ಹುಡುಗ ಹುಡುಗಿಯರ ಮುಂದೆಯೂ ಈ ಪ್ರಶ್ನೆ ಇದೆ. ಮನೆಯಲ್ಲೇ ಕೂತು ಚರ್ಮದ ಕೆಲಸ ಶುರು ಮಾಡಬಹುದಾ? ಮಾಡಿದರೆ ಹಿಂದಕ್ಕೆ ಹೋದಂತಾ, ಮುಂದಕ್ಕೆ ಹೋದಂತಾ? ಇದಕ್ಕೆ ಭಾವಾವೇಶದಿಂದ ಉತ್ತರ ಕೊಡುವ ಮೊದಲು ಕೆಲಸವನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಚರ್ಮದ ಕೆಲಸದಲ್ಲಿ ಎರಡು ಭಾಗ ಇವೆ. ಒಂದು ಹಸಿ ಭಾಗ, ಇನ್ನೊಂದು ಒಣ ಭಾಗ. ಸತ್ತ ದನವನ್ನು ಹೊತ್ತು ತರುವುದು, ಸುಲಿಯುವುದು, ಹಸಿ ತೊಗಲಿಗೆ ಉಪ್ಪು ಸವರುವುದು, ಸುಣ್ಣದ ಗುಂಡಿಯಲ್ಲಿ ನೆನೆಹಾಕುವುದು, ಕೂದಲು ತೆಗೆಯುವುದು, ಒಳಮೈಯ ಮಾಂಸ ಹೆರೆಯುವುದು, ಆಮೇಲೆ ಹದ ಮಾಡುವುದು ಇವೆಲ್ಲ ಹಸಿ ಭಾಗ. ಹದವಾದ ತೊಗಲನ್ನು ಕತ್ತರಿಸಿ, ತೆಳು ಮಾಡಿ, ತೂತು ಹಾಕಿ, ಹೊಲಿದು, ಅಂಚು ತೀಡಿ ವಸ್ತು ಮಾಡುವುದು ಒಣ ಭಾಗ. ನಮ್ಮ ಸೀಮೆಯಲ್ಲಿ ಈ ಎರಡೂ ಭಾಗಗಳನ್ನು ಜಾತಿಯೇ ಹಂಚಿಕೊಟ್ಟಿತ್ತು. ದನ ಹೊರುವುದು, ಸುಲಿಯುವುದು, ರೈತನಿಗೆ ಬೇಕಾದ ಮಿಣಿ, ಬಾರುಕೋಲು ಮಾಡಿಕೊಡುವುದು ಮಾದಿಗರ ಪಾಲು. ಹದ ಮಾಡುವುದು ಡೋಹರರ ಪಾಲು. ಕಾಲಿಗೆ ಹಾಕುವುದನ್ನು ಹೊಲಿಯುವುದು ಸಮಗಾರರ, ಮಚಿಗಾರರ ಪಾಲು. ಊರಿಂದ ಊರಿಗೆ ಈ ಗೆರೆ ಅತ್ತಿತ್ತ ಸರಿದಿರಬಹುದು, ಆದರೆ ಮೂವರನ್ನೂ ದಾಟಿ ಮೇಲಕ್ಕೆ ಮಾತ್ರ ಎಂದೂ ಹೋಗಲಿಲ್ಲ.

ಹಳ್ಳಿಯ ಹದದ ವಿದ್ಯೆ ಸಣ್ಣದಲ್ಲ. ಸುಣ್ಣದಿಂದ ಹೊರಬಂದ ತೊಗಲನ್ನು ಚೀಲದಂತೆ ಹೊಲಿದು, ತೊಲೆಗೋ ಮರದ ಕೊಂಬೆಗೋ ತೂಗುಹಾಕಿ, ಅದರೊಳಗೆ ತಂಗಡಿ ಇಲ್ಲವೇ ಜಾಲಿಯ ತೊಗಟೆ, ಅಳಲೆಕಾಯಿ ನೆನೆಸಿದ ನೀರು ತುಂಬುತ್ತಿದ್ದರು. ನೀರು ತೊಟ್ಟಿಕ್ಕಿದಂತೆ ಕೆಳಗಿನ ಮಡಕೆಯಲ್ಲಿ ಹಿಡಿದು ಮತ್ತೆ ಮೇಲೆ ಸುರಿಯುವುದು. ತೊಗಟೆಯ ಒಗರು ತೊಗಲಿನ ಎಳೆಗಳಿಗೆ ಅಂಟಿಕೊಂಡು ಕೊಳೆಯುವುದನ್ನು ತಡೆಯುತ್ತದೆ. ವಾರಗಟ್ಟಲೆ ಹಿಡಿಯುವ ಕೆಲಸ. ಯಾವ ತೊಗಟೆ, ಎಷ್ಟು ದಿನ, ಬೇಸಿಗೆಗೆ ಹೆಂಗೆ, ಮಳೆಗಾಲಕ್ಕೆ ಹೆಂಗೆ ಎಂಬುದೆಲ್ಲ ಕೈ ಮತ್ತು ಮೂಗು ಬಲ್ಲ ರಸಾಯನಶಾಸ್ತ್ರ. ಈಗ ಕಾರ್ಖಾನೆಗಳಲ್ಲಿ ಕ್ರೋಮಿಯಂ ಲವಣ ಹಾಕಿ ಇದೇ ಹದವನ್ನು ದಿನದ ಲೆಕ್ಕದಲ್ಲಿ ಮುಗಿಸುತ್ತಾರೆ. ಹಸಿ ಭಾಗದ ವಾಸನೆ, ಕೊಳಚೆ ನೀರು ಮಾತ್ರ ಅಲ್ಲೂ ತಪ್ಪಿಲ್ಲ. ಅದು ಊರ ಹೊರಗಿನ ಓಣಿಯಿಂದ ನಗರದ ಹೊರಗಿನ ಓಣಿಗೆ ಹೋಗಿದೆ, ಅಷ್ಟೆ.

ಈಗ ಹವ್ಯಾಸದ ಕಡೆ ಬರೋಣ. ಹವ್ಯಾಸ ಶುರುವಾಗುವುದು ಒಣ ಭಾಗದಲ್ಲಿ, ಅಂದರೆ ವಾಸನೆ ಮುಗಿದ ಮೇಲೆ. ಅಂಗಡಿಯಲ್ಲಿ ಚದರಡಿ ಲೆಕ್ಕದಲ್ಲಿ ತೂಗುಹಾಕಿದ ತೊಗಲಿಗೆ ದನದ ಗುರುತಿಲ್ಲ, ಸುಲಿದವನ ಗುರುತಿಲ್ಲ. ಅದರ ವಾಸನೆಯನ್ನು ಈಗ 'ಅಸಲಿ ಲೆದರಿನ ಪರಿಮಳ' ಅಂತ ಹೊಗಳುತ್ತಾರೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನೋ ಗಾದೆ ಹೇಳುವವರು ಒಂದು ಮಾತು ಮರೆಯುತ್ತಾರೆ. ಇಲ್ಲಿ ಕೆಸರಾದ ಕೈ ಒಂದು ಓಣಿದು, ಮೊಸರಾದ ಬಾಯಿ ಇನ್ನೊಂದು ಓಣಿದು.

ಒಣ ಭಾಗದ ಹಳೆಯ ಹತಾರ, ಹೊಸ ಹತಾರಗಳನ್ನು ಜೋಡಿಸಿ ನೋಡಿದರೆ ಬಹಳ ಕಲಿಯಬಹುದು. ತೊಗಲು ಕತ್ತರಿಸಲು, ಅಂಚನ್ನು ಹೆರೆದು ತೆಳುಮಾಡಲು ರಂಪಿಗೆ ಇತ್ತು. ಇವತ್ತಿಗೂ ಮನೆಯ ಮಟ್ಟದಲ್ಲಿ ರಂಪಿಗೆಯನ್ನು ಮೀರಿಸುವ ಕರೆಂಟಿನ ಹತಾರ ಇಲ್ಲ. ಅಂಚು ಹೆರೆಯುವ ಮಷೀನು ಕಾರ್ಖಾನೆಯದು, ಅದರ ಬೆಲೆಯೂ ಕಾರ್ಖಾನೆಯದು. ಹವ್ಯಾಸಿಗಳು ಪರದೇಶದಿಂದ ತರಿಸುವ ಅರ್ಧಚಂದ್ರದ ಚೂರಿ ನಮ್ಮ ರಂಪಿಗೆಯ ದಾಯಾದಿಯೇ.

ತೂತು ಹಾಕಲು ಆರಿ ಇತ್ತು. ಅದರ ಬದಲು ಈಗ ಸಣ್ಣ ಡ್ರಿಲ್ಲು ಬಂದಿದೆ. ಎರಡೂ ಒಂದೇ ಅಲ್ಲ. ಡ್ರಿಲ್ಲು ತೊಗಲನ್ನು ಕೊರೆದು ಹೊರಹಾಕುತ್ತದೆ, ತೂತು ತೂತಾಗಿಯೇ ಉಳಿಯುತ್ತದೆ. ಆರಿ ಎಳೆಗಳನ್ನು ಸರಿಸಿ ದಾರಿ ಮಾಡುತ್ತದೆ, ಹೊಲಿದಾದ ಮೇಲೆ ಎಳೆಗಳು ದಾರದ ಸುತ್ತ ಮತ್ತೆ ಕೂಡಿಕೊಳ್ಳುತ್ತವೆ. ಅದಕ್ಕೇ ಎರಡು ಮೂರು ಪದರದ ದಪ್ಪ ಅಟ್ಟೆಗೆ ಡ್ರಿಲ್ಲು ಸರಿ, ಅಲ್ಲಿ ಕೈಯ ಬಲ ಉಳಿಯುತ್ತದೆ. ಬೆಲ್ಟು, ಪಾಕೀಟಿಗೆ ಆರಿಯೇ ಮೇಲು. ಮೆದುವಾದ ಕ್ರೋಮ್ ತೊಗಲಿಗಂತೂ ಡ್ರಿಲ್ಲು ಸಿಕ್ಕಿಹಾಕಿಕೊಂಡು ಎಳೆ ಹರಿದೀತು.

ಹೊಲಿಗೆಗೆ ಮನೆಯ ಟೇಲರಿಂಗ್ ಮಷೀನು ಸಾಲದು. ಚರ್ಮದ ಸೂಜಿ ಹಾಕಿದರೆ ತೆಳು, ಮೆದು ತೊಗಲನ್ನು ಸುಮಾರು 2 ಮಿಲಿಮೀಟರ್ ತನಕ ಹೊಲಿದೀತು. ಬೆಲ್ಟಿಗೆ ಬೇಕಾಗುವುದು ಮೂರೂವರೆ, ನಾಲ್ಕು ಮಿಲಿಮೀಟರ್. ಒಂದೇ ದಾರದ ಎರಡು ತುದಿಗೆ ಎರಡು ಸೂಜಿ ಪೋಣಿಸಿ ಒಂದೇ ತೂತಿನಲ್ಲಿ ಎದುರುಬದುರು ದಾಟಿಸುವ ಕೈಹೊಲಿಗೆಯಲ್ಲಿ ಒಂದು ಕಡೆ ದಾರ ಹರಿದರೂ ಉಳಿದದ್ದು ಬಿಚ್ಚುವುದಿಲ್ಲ. ಮಷೀನಿನ ಹೊಲಿಗೆ ಒಂದು ಕಡೆ ಹರಿದರೆ ಸಾಲಾಗಿ ಸಡಿಲಾಗುತ್ತದೆ. ಕೈ ನಿಧಾನ, ಆದರೆ ಗಟ್ಟಿ.

ಅಂಚು ತೀಡಲು ಎಲುಬು, ಮರ, ನುಣುಪು ಕಲ್ಲು ಸಾಕಾಗುತ್ತಿತ್ತು. ಈಗ ನಿಮಿಷಕ್ಕೆ 5,000ದಿಂದ 30,000 ಸುತ್ತು ತಿರುಗುವ ಕೈಮಷೀನಿಗೆ ಮರದ ತುದಿ ಸಿಕ್ಕಿಸಿ ತೀಡುತ್ತಾರೆ. ತೊಗಟೆಯ ಹದದ ತೊಗಲಿನ ಅಂಚನ್ನು ತುಸು ಒದ್ದೆ ಮಾಡಿ, ಕಡಿಮೆ ವೇಗದಲ್ಲಿ ತೀಡಿದರೆ ಕನ್ನಡಿಯಂತೆ ಹೊಳೆಯುತ್ತದೆ. ವೇಗ ಹೆಚ್ಚಾದರೆ ಸುಟ್ಟು ಕಪ್ಪಾಗುತ್ತದೆ. ಕ್ರೋಮ್ ಹದದ ತೊಗಲು ಎಷ್ಟು ತೀಡಿದರೂ ಹೊಳೆಯುವುದಿಲ್ಲ, ಅದರ ಅಂಚನ್ನು ಮಡಚಬೇಕು ಇಲ್ಲವೇ ಬಣ್ಣ ಹಚ್ಚಬೇಕು. ಹವ್ಯಾಸಿಗಳು ಇಷ್ಟಪಟ್ಟು ಹೆಚ್ಚು ಬೆಲೆ ಕೊಟ್ಟು ಕೊಳ್ಳುವುದು ತೊಗಟೆಯ ಹದದ ತೊಗಲನ್ನೇ. ಅಂದರೆ ಯಾರ ಮೂಗು ಬಲ್ಲ ವಿದ್ಯೆಯನ್ನು ಊರು ಹೇಸಿತ್ತೋ, ಆ ವಿದ್ಯೆಗೆ ಈಗ ಪೇಟೆಯಲ್ಲಿ ಮೇಲ್ಬೆಲೆ.

ಒಂದು ಎಚ್ಚರಿಕೆಯ ಮಾತನ್ನು ಇಲ್ಲೇ ಹೇಳಿಬಿಡಬೇಕು. ಉಜ್ಜುವ ಮಷೀನು ಧೂಳೆಬ್ಬಿಸುತ್ತದೆ. ತೊಗಲಿನ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ, ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆಂದು ಖಚಿತವಾದ ವಸ್ತುಗಳ ಮೊದಲ ಗುಂಪಿನಲ್ಲಿ ಇಟ್ಟಿದೆ. ಮೂಗು ಮತ್ತು ಅದರ ಪಕ್ಕದ ಗೂಡುಗಳಿಗೆ ಬರುವ ಕ್ಯಾನ್ಸರ್ ಅದು. ಚಪ್ಪಲಿ ಅಂಟಿಸುವ ಸೊಲ್ಯೂಷನ್ನಿನ ಆವಿಯೂ ಒಳ್ಳೆಯದಲ್ಲ. ಬೆಂಜೀನ್ ಬೆರೆತ ಅಂಟಿನಿಂದ ಪಾದರಕ್ಷೆ ಕಾರ್ಮಿಕರಿಗೆ ರಕ್ತದ ಕ್ಯಾನ್ಸರ್ ಬಂದದ್ದು ಹಲವು ದೇಶಗಳಲ್ಲಿ ದಾಖಲಾಗಿದೆ. ಕಿಟಕಿ ತೆರೆದಿರಬೇಕು, ಒಳ್ಳೆಯ ಮುಖಗವಸು, ಕಣ್ಣಿಗೆ ಕನ್ನಡಕ ಬೇಕು, ಮಕ್ಕಳು ಮಲಗುವ ಕೋಣೆಯಲ್ಲಿ ಈ ಕೆಲಸ ಕೂಡದು. ಹವ್ಯಾಸಿಗೆ ಬೇರೆ ಕೋಣೆ ಇರುತ್ತದೆ. ಒಂದೇ ಕೋಣೆಯ ಮನೆಯಲ್ಲಿ ಅಡುಗೆ, ನಿದ್ದೆ, ಅಂಟು, ಧೂಳು ಎಲ್ಲ ಒಂದೇ ಗಾಳಿ. 'ಮನೆಯಲ್ಲೇ ಕೂತು ಮಾಡುವ ಕೆಲಸ' ಎಂಬ ಮಾತಿನಲ್ಲಿ ಮನೆ ಎಂದರೆ ಯಾವ ಮನೆ ಅಂತ ಮೊದಲು ಕೇಳಬೇಕು.

ಹತಾರ ಬದಲಾದರೆ ಜಾತಿ ಸಡಿಲಾಗುತ್ತದೆ ಅಂತ ನಂಬುವ ಪ್ರಗತಿಪರ ಗೆಳೆಯರಿದ್ದಾರೆ. ಅವರಿಗಾಗಿ ನಮ್ಮ ಕಡೆಯ ಇತಿಹಾಸ ಸ್ವಲ್ಪ ಹೇಳಬೇಕು. ಹುಲಿಹೈದರ ಈಗ ಕನಕಗಿರಿ ತಾಲ್ಲೂಕಿನ ಊರು. ಅದಕ್ಕೂ ಮೊದಲು ಗಂಗಾವತಿ ತಾಲ್ಲೂಕು, 1997ಕ್ಕೆ ಮುಂಚೆ ರಾಯಚೂರು ಜಿಲ್ಲೆ, 1948ಕ್ಕೆ ಮುಂಚೆ ನಿಜಾಮನ ಸೀಮೆ. ಇಂಥ ಎರೆ, ಮಸಾರಿಯ ಒಕ್ಕಲುತನ ತೊಗಲಿಲ್ಲದೆ ನಡೆಯುತ್ತಿರಲಿಲ್ಲ. ನೊಗಕ್ಕೆ ಜತ್ತಿಗೆ, ಎತ್ತಿಗೆ ಬಾರುಕೋಲು, ಬಂಡಿಗೆ ಮಿಣಿ, ಬಾವಿಯ ನೀರಿಗೆ ತೊಗಲಿನ ಮಟ್ಟೆ, ಕಾಲಿಗೆ ಕೆರ, ಜಾತ್ರೆಗೂ ಸಾವಿಗೂ ಹಲಗೆ. ಸುಗ್ಗಿಯಲ್ಲಿ ಕಣದ ಮೂಲೆಗೆ ನಿಂತರೆ ಆಯದ ಕಾಳು ಸಿಗುತ್ತಿತ್ತು. ಅಳೆಯುವವನ ಮನಸ್ಸೇ ಅಳತೆ.

ಈ ಸೀಮೆಯ ಚರ್ಮದ ಕೆಲಸಕ್ಕೆ ಬಂದ ಮೊದಲ ಕರೆಂಟಿನ ಹತಾರ ಡ್ರಿಲ್ಲಲ್ಲ, ಪಂಪ್‌ಸೆಟ್ಟು. ಬಾವಿಗೆ ಮೋಟಾರು ಬಂದ ದಿನ ಮಟ್ಟೆ ಮೂಲೆ ಸೇರಿತು. ಟ್ರ್ಯಾಕ್ಟರು ಬಂದಾಗ ಜತ್ತಿಗೆ, ಮಿಣಿ ಹೋದವು. ಪ್ಲಾಸ್ಟಿಕ್ ಚಪ್ಪಲಿ, ನೈಲಾನ್ ಹಗ್ಗ ಬಂದು ಉಳಿದದ್ದನ್ನೂ ಒಯ್ದವು. ಇದರಲ್ಲಿ ಒಂದು ವಿಪರ್ಯಾಸವಿದೆ. 20ನೇ ಶತಮಾನದ ಆರಂಭದಲ್ಲಿ ಮದರಾಸಿನಲ್ಲಿ ಆಲ್‌ಫ್ರೆಡ್ ಚಾಟರ್ಟನ್ ಎಂಬ ಇಂಗ್ಲಿಷ್ ಅಧಿಕಾರಿ ಕ್ರೋಮ್ ಹದವನ್ನು ಪ್ರಯೋಗಕ್ಕೆ ತಂದಾಗ ಅವನ ಕಣ್ಣಿದ್ದದ್ದು ಇದೇ ಬಾವಿಯ ಮಟ್ಟೆಯ ಮೇಲೆ. ನೀರಿನಲ್ಲಿ ಬೇಗ ಕೊಳೆಯದ ತೊಗಲು ಬೇಕಾಗಿತ್ತು. ಮುಂದೆ ಕ್ರೋಮ್ ತೊಗಲು ಲೋಕವನ್ನೆಲ್ಲ ಆಳಿತು, ಮಟ್ಟೆ ಮಾತ್ರ ಇಲ್ಲವಾಯಿತು. ಮಷೀನುಗಳು ಹೀಗೆ ನಮ್ಮವರ ಕೆಲಸವನ್ನು ಒಯ್ದವು. ಓಣಿಯನ್ನು ಒಯ್ದವಾ? ಆಯದ ಕಾಳು ನಿಂತಿತು, ಆದರೆ ಕಾಳು ಅಳೆಯುವವನು ಕರೆಯುತ್ತಿದ್ದ ಹೆಸರು ನಿಲ್ಲಲಿಲ್ಲ.

ದೂರ ಹೋಗುವುದು ಬೇಡ. ಗಂಗಾವತಿ ತಾಲ್ಲೂಕಿನ ಮರಕುಂಬಿಯನ್ನು ನೋಡಿ. ಇವತ್ತಿನ ಕ್ಷೌರದ ಅಂಗಡಿಯಲ್ಲಿ ಕರೆಂಟಿನ ಕತ್ತರಿ, ಗೋಡೆ ತುಂಬ ಕನ್ನಡಿ ಇರುತ್ತವೆ. ಆ ಊರಿನಲ್ಲಿ ಕ್ಷೌರದ ಅಂಗಡಿಗೂ ಹೋಟೆಲಿಗೂ ದಲಿತರಿಗೆ ಪ್ರವೇಶವಿಲ್ಲದ್ದನ್ನು ಪ್ರಶ್ನಿಸಿದ ಹಿನ್ನೆಲೆಯಲ್ಲಿ, 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಪ್ರಕರಣ ಮೇಲಿನ ಕೋರ್ಟಿಗೂ ಹೋಯಿತು. ಕತ್ತರಿಗೆ ಕರೆಂಟು ಬಂದರೂ ಅಂಗಡಿಯ ಬಾಗಿಲು ತೆರೆಯಲಿಲ್ಲ ಎಂಬುದು ಇಲ್ಲಿನ ಪಾಠ. 1936ರ 'ಜಾತಿ ವಿನಾಶ'ದಲ್ಲಿ ಅಂಬೇಡ್ಕರ್, ಜಾತಿಯನ್ನು ಬರೀ ಶ್ರಮದ ಹಂಚಿಕೆ ಎಂದು ಸಮರ್ಥಿಸುವವರ ವಾದವನ್ನು ಒಡೆದುಹಾಕಿದ್ದರು. ಮಷೀನು ಶ್ರಮವನ್ನು ಹಗುರ ಮಾಡೀತು. ಶ್ರಮಿಕರ ನಡುವೆ ಎದ್ದ ಗೋಡೆ ಅದರ ಕೈಗೆ ಸಿಗುವಂಥದ್ದಲ್ಲ.

ಹಾಗಾದರೆ ಮೇಲ್ಜಾತಿಯವರು ಈ ಕೆಲಸಕ್ಕೆ ಕೈ ಹಾಕಿದರೆ ಗೋಡೆ ಕುಸಿಯುತ್ತದಾ? ಇದೂ ಹಳೆಯ ಪ್ರಶ್ನೆ. ಗಾಂಧಿ ದಕ್ಷಿಣ ಆಫ್ರಿಕದ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಗೆಳೆಯ ಕಾಲೆನ್‌ಬಾಕ್‌ನಿಂದ ಚಪ್ಪಲಿ ಹೊಲಿಯುವುದನ್ನು ಕಲಿತರು. ತಮ್ಮನ್ನು ಜೈಲಿಗೆ ಹಾಕಿದ ಜನರಲ್ ಸ್ಮಟ್ಸ್‌ಗೆ 1914ರಲ್ಲಿ ಒಂದು ಜೋಡಿಯನ್ನು ಕಾಣಿಕೆ ಕೊಟ್ಟರು. ಬನಿಯಾ ಮನೆಯ ಬ್ಯಾರಿಸ್ಟರು ತೊಗಲು ಮುಟ್ಟಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ, ಅದನ್ನು ಒಪ್ಪೋಣ. ಆದರೆ ಆ ಚಪ್ಪಲಿ ಚರಿತ್ರೆಯಾಯಿತು. ಅದೇ ಕಾಲದಲ್ಲಿ ಹಳ್ಳಿ ಹಳ್ಳಿಯ ಸಮಗಾರ ಹೊಲಿದ ಜೋಡುಗಳಲ್ಲಿ ಒಂದಕ್ಕೂ ಹೊಲಿದವನ ಹೆಸರಿಲ್ಲ. ಬಿಡಬಲ್ಲವನು ಮಾಡಿದರೆ ತ್ಯಾಗ, ಬಿಡಲಾರದವನು ಮಾಡಿದರೆ ಕಸುಬು. ಹವ್ಯಾಸಕ್ಕೂ ಜಾತಿಕಸುಬಿಗೂ ಇರುವ ವ್ಯತ್ಯಾಸ ಇಷ್ಟೇ: ಬೇಡ ಅನ್ನುವ ಹಕ್ಕು.

12ನೇ ಶತಮಾನದ ಕಲ್ಯಾಣದಲ್ಲಿ ಈ ಗೋಡೆಯನ್ನು ಒಡೆಯುವ ಪ್ರಯತ್ನ ನಡೆಯಿತು. ಸಮಗಾರ ಹರಳಯ್ಯ, ಡೋಹರ ಕಕ್ಕಯ್ಯ ಕಾಯಕದ ಹೆಸರಿನಲ್ಲೇ ಶರಣರಾದರು. ಹರಳಯ್ಯನ ಮನೆಗೂ ಬ್ರಾಹ್ಮಣ ಮಧುವರಸನ ಮನೆಗೂ ಬೀಗತನವಾದಾಗ ಇಬ್ಬರಿಗೂ ಮರಣದಂಡನೆಯಾಯಿತೆಂದು ಪರಂಪರೆ ಹೇಳುತ್ತದೆ. ತಮ್ಮ ತೊಡೆಯ ಚರ್ಮದ ಪಾದರಕ್ಷೆಯ ಕತೆಯನ್ನು ನಾವು ಭಕ್ತಿಯಿಂದ ಹೇಳುತ್ತೇವೆ. ಮದುವೆಯ ಕತೆ ಬಂದಾಗ ದನಿ ತಗ್ಗಿಸುತ್ತೇವೆ. ಇವತ್ತು ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿ ತೆಗೆದು ನೋಡಿ. ಅದರಲ್ಲಿ 'ಹರಳಯ್ಯ' ಒಂದು ಜಾತಿಯ ಹೆಸರು. 'ಕಕ್ಕಯ್ಯ' ಇನ್ನೊಂದು. ಜಾತಿ ಮೀರಲು ಹೊರಟವರ ಹೆಸರುಗಳು ಜಾತಿ ಸರ್ಟಿಫಿಕೇಟಿನ ಮೇಲೆ ಬಂದು ಕೂತಿವೆ. ಕಾಯಕವನ್ನು ಕೊಂಡಾಡಿದರೆ ಸಾಕು, ಕಾಯಕ ಮಾಡುವವನ ಬೀಗತನ ಬೇಡ ಎಂದ ಸಮಾಜದ ದಾಖಲೆ ಇದು.

ಕಲೆ ಯಾವುದು, ಕಸುಬು ಯಾವುದು ಎಂಬ ವಿಮರ್ಶೆಯ ಪ್ರಶ್ನೆಗೂ ನಮ್ಮ ಜಿಲ್ಲೆಯಲ್ಲೇ ಉದಾಹರಣೆಗಳಿವೆ. ಕಿನ್ನಾಳದ ಚಿತ್ರಗಾರರ ಮರದ ಗೊಂಬೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರ ತೊಗಲುಗೊಂಬೆಯಾಟಕ್ಕೆ 2025ರಲ್ಲಿ ಪದ್ಮಶ್ರೀ ಬಂತು. ಬಂದದ್ದು ನ್ಯಾಯ, ಬಂದದ್ದು ತಡ. ಗೊಂಬೆಯ ತೊಗಲನ್ನು ತೊಗಟೆಯಲ್ಲಿ ಹದ ಮಾಡುವುದಿಲ್ಲ. ಹೆರೆದು, ಎಳೆದು ಒಣಗಿಸಿ, ಬೆಳಕು ಹಾಯುವಷ್ಟು ತೆಳುಮಾಡಿ, ಉಳಿಯಿಂದ ಸಣ್ಣ ಸಣ್ಣ ತೂತು ಕೊರೆದು, ಬಣ್ಣ ಹಚ್ಚುತ್ತಾರೆ. ಆ ತೊಗಲು ದೀಪದ ಮುಂದೆ ರಾಮನಾದಾಗ ಜನ ಕೈಮುಗಿಯುತ್ತಾರೆ. ಕಾಲಿನ ಕೆರವಾದಾಗ ಹೊರಗೆ ಬಿಡುತ್ತಾರೆ. ತೊಗಲಿನಲ್ಲಿ ಮೈಲಿಗೆ ಇದ್ದರೆ ಎರಡು ಕಡೆಯೂ ಇರಬೇಕಲ್ಲ? ಹಾಗಾಗಿ ಮೈಲಿಗೆ ತೊಗಲಿನದಲ್ಲ, ನೋಡುವ ಕಣ್ಣಿನದು. ಸೌಂದರ್ಯಮೀಮಾಂಸೆ ಎನ್ನುವವರು ಈ ಕಣ್ಣಿನ ಮೀಮಾಂಸೆಯನ್ನು ಮೊದಲು ಮಾಡಬೇಕು.

ಈಗ ನಮ್ಮೊಳಗಿನ ಜಗಳಕ್ಕೆ ಬರೋಣ. 1927ರಲ್ಲಿ ಮಹಾಡದಲ್ಲಿ ಅಂಬೇಡ್ಕರ್ ಸತ್ತ ದನ ಹೊರುವುದನ್ನು, ಅದರ ಮಾಂಸ ತಿನ್ನುವುದನ್ನು ಬಿಡಿ ಎಂದರು. ನಮ್ಮ ಚಳವಳಿಯ ದಿನಗಳಲ್ಲೂ ಊರೂರಲ್ಲಿ ದನ ಹೊರುವುದು, ಹಲಗೆ ಬಡಿಯುವುದು ನಿಂತಿತು. ಅದಕ್ಕೆ ಬಹಿಷ್ಕಾರದ ಬೆಲೆಯನ್ನೂ ತೆತ್ತರು. 2016ರ ಜುಲೈ 11ರಂದು ಗುಜರಾತಿನ ಊನಾದಲ್ಲಿ ಸತ್ತ ಹಸು ಸುಲಿಯುತ್ತಿದ್ದವರನ್ನು ಕಟ್ಟಿ ಹೊಡೆದಾಗ, ಅಲ್ಲಿನ ದಲಿತರು ದನದ ಹೆಣಗಳನ್ನು ಸರ್ಕಾರಿ ಕಚೇರಿಯ ಮುಂದೆ ತಂದು ಹಾಕಿದರು. ಕೆಲಸ ನಿಲ್ಲಿಸಿದಾಗಲೇ ಆ ಕೆಲಸ ಯಾರದು ಎಂಬುದು ಊರಿಗೆ ಗೊತ್ತಾಗುವುದು. ಇಷ್ಟೆಲ್ಲ ಆದಮೇಲೆ ನಮ್ಮ ಮಕ್ಕಳು ಮತ್ತೆ ತೊಗಲು ಹಿಡಿಯಬೇಕಾ ಅಂತ ಹಿರಿಯರು ಸಿಟ್ಟಾದರೆ ಆ ಸಿಟ್ಟು ಅನ್ಯಾಯವಲ್ಲ.

ಇನ್ನೊಂದು ಕಡೆ ಪೇಟೆಯನ್ನು ನೋಡಿ. ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಅದರಲ್ಲಿ ಸೇರಿವೆ. ಅಥಣಿ, ನಿಪ್ಪಾಣಿಯ ಸಮಗಾರರ ಕೈ ಇಲ್ಲದೆ ಆ ಚಪ್ಪಲಿ ಇಲ್ಲ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಅಂಥದ್ದೇ ಚಪ್ಪಲಿಯನ್ನು ಈ ನೆಲದ ಹೆಸರೆತ್ತದೆ ತೋರಿಸಿತು. ಗದ್ದಲವಾದ ಮೇಲೆ ಮೂಲವನ್ನು ಒಪ್ಪಿಕೊಂಡಿತು. ಅದೇ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಚರ್ಮ ನಿಗಮ ಮತ್ತು ನಮ್ಮ ಲಿಡ್ಕರ್ ಜೊತೆ 2,000 ಜೋಡಿಗೆ ಒಪ್ಪಂದವಾಯಿತು. ಜೋಡಿಗೆ ಸುಮಾರು 800 ಯೂರೋ ಬೆಲೆ ಎಂದು ಸುದ್ದಿಯಾಯಿತು. ಆ 800ರಲ್ಲಿ ಹೊಲಿದ ಕೈಗೆ ಎಷ್ಟು, ಹದ ಮಾಡಿದ ಕೈಗೆ ಎಷ್ಟು, ಸುಲಿದ ಕೈಗೆ ಎಷ್ಟು? ಪತ್ರಿಕೆಗಳು 'ಭಾರತದ ಹೆಮ್ಮೆ' ಎಂದು ಬರೆದವು. ಹೆಮ್ಮೆ ಭಾರತದ್ದು, ಮೈಲಿಗೆ ಮಾತ್ರ ಕೇರಿಯದ್ದಾ?

ಹಿಂದಿನ ಕಸುಬಿಗೆ ಮರಳಿ ಎನ್ನುವವರನ್ನೂ ನಾನು ಒಪ್ಪಲಾರೆ, ತೊಗಲು ಮುಟ್ಟಿದರೆ ದ್ರೋಹ ಎನ್ನುವವರನ್ನೂ ಒಪ್ಪಲಾರೆ. ಹುಲಿಹೈದರದಂಥ ಊರಿನ ಒಬ್ಬ ಹುಡುಗಿ ಎರಡು ಮೂರು ಸಾವಿರದ ಕೈಮಷೀನು, ಒಂದು ರಂಪಿಗೆ, ನಾಲ್ಕು ಆರಿ ಇಟ್ಟುಕೊಂಡು ಬೆಲ್ಟು, ಚೀಲ ಮಾಡುತ್ತೇನೆ ಅಂದರೆ ನಾವು ಕೇಳಬೇಕಾದ ಪ್ರಶ್ನೆಗಳು ಬೇರೆ. ನಾಳೆ ಇದನ್ನು ಬಿಟ್ಟು ಬೇರೆ ಓದು, ಬೇರೆ ಕೆಲಸಕ್ಕೆ ಹೋಗುವ ದಾರಿ ಅವಳಿಗೆ ತೆರೆದಿದೆಯಾ? ಹತಾರ ಅವಳದಾ, ಸಾಲ ಕೊಟ್ಟವನದಾ? ಬೆಲೆ ಹೇಳುವವರು ಯಾರು? ಮಾಡಿದ ವಸ್ತುವಿನ ಮೇಲೆ ಅವಳ ಹೆಸರಿರುತ್ತದಾ? ಧೂಳು, ಅಂಟಿನಿಂದ ದೂರವಾದ ಒಂದು ಕೆಲಸದ ಜಾಗ ಇದೆಯಾ? ಕಚ್ಚಾ ತೊಗಲಿನ ಮಾತೂ ಇದೆ. 2021ರ ಜನವರಿಯಲ್ಲಿ ಜಾರಿಗೆ ಬಂದ ಕರ್ನಾಟಕದ ಜಾನುವಾರು ಹತ್ಯೆ ಪ್ರತಿಬಂಧಕ ಕಾನೂನು, 13 ವರ್ಷ ದಾಟಿದ ಎಮ್ಮೆ ಕೋಣಗಳನ್ನು ಬಿಟ್ಟು ಉಳಿದ ದನಗಳ ವಧೆಯನ್ನು ಅಪರಾಧ ಮಾಡಿತು. ಗೋವು ಪವಿತ್ರ, ಗೋವಿನ ಬೆಲ್ಟು ಫ್ಯಾಷನ್ನು, ನಡುವೆ ನಿಂತವನು ಅಪರಾಧಿ. ಇದನ್ನು ಪ್ರಶ್ನಿಸದೆ ಕುಶಲಕರ್ಮಿಗಳಿಗೆ ತರಬೇತಿ ಕೊಟ್ಟೆವು ಎಂದರೆ ಅದು ಅರ್ಧ ಮಾತು. ಲಿಡ್ಕರ್ 1976ರಿಂದ ಇರುವ ಸಂಸ್ಥೆ. ಬಾಬು ಜಗಜೀವನ್ ರಾಂ ಅವರ ಹೆಸರು ಹೊತ್ತ ಆ ನಿಗಮದಿಂದ ಮಷೀನು, ತರಬೇತಿ, ಕೆಲಸದ ಶೆಡ್ಡು ಕೇಳುವುದು ಭಿಕ್ಷೆಯಲ್ಲ, ಬಾಕಿ.

ಹವ್ಯಾಸಿ ಗೆಳೆಯರಿಗೂ ಒಂದು ಮಾತು. ಮಾಡಿ, ಬೇಡ ಎನ್ನುವವರು ನಾವಲ್ಲ. ತೊಗಲು ಎಲ್ಲರದೂ ಆಗಲಿ. ಆದರೆ 'ಪುರಾತನ ಕಲೆ' ಎಂದು ಹೇಳುವಾಗ ಆ ಪುರಾತನರು ಯಾರೆಂದು ಹೆಸರು ಹಿಡಿದು ಹೇಳಿ. ಕಲಿಯುವುದಿದ್ದರೆ ಸಮಗಾರರ ಓಣಿಗೆ ಹೋಗಿ, ನೆಲದ ಮೇಲೆ ಕೂತು, ಫೀಜು ಕೊಟ್ಟು ಕಲಿಯಿರಿ. ಕಲಿಸಿದವರನ್ನು ನಿಮ್ಮ ಮನೆಯ ಊಟಕ್ಕೆ ಕರೆಯಿರಿ. ಕಲ್ಯಾಣದಲ್ಲಿ ಕೆಲಸ ನಿಂತದ್ದು ಅಲ್ಲಿಯೇ.

ವಿಮರ್ಶಕರ ಕೆಲಸವೂ ಇದಕ್ಕಿಂತ ಬೇರೆಯಲ್ಲ. ಹೊಳೆಯುವ ಅಂಚನ್ನು ನೋಡಿ ಚಂದ ಎಂದವರು, ಆ ತೊಗಲು ಕೂದಲು ಮಾಂಸದ ಜೊತೆ ಇದ್ದಾಗ ಅದನ್ನು ಯಾರು ಹೊತ್ತರು ಎಂದು ಕೇಳುವತನಕ ಓದು ಮುಗಿಯುವುದಿಲ್ಲ. ಇದು ಚಪ್ಪಲಿಗೂ ಸರಿ, ಕಾದಂಬರಿಗೂ ಸರಿ. ವಾಸನೆ ಎಲ್ಲಿ ನಿಂತಿತು, ಯಾರು ನಿಲ್ಲಿಸಿದರು ಎಂಬಲ್ಲಿಂದ ನಮ್ಮ ವಿಮರ್ಶೆ ಶುರುವಾಗಲಿ.